ಕನ್ನಡ ವಿಕಿಪೀಡಿಯ: ಸ್ವಪ್ರಚಾರದ ಕಳೆ ಕೀಳುವವರು ಯಾರು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕನ್ನಡ ವಿಶ್ವಕೋಶ ಸಿದ್ಧವಾಗುತ್ತಿದ್ದ ಕಾಲದಲ್ಲಿ ಅದರೊಳಗೆ ಯಾರ ಹೆಸರು ಸೇರಬೇಕು, ಯಾರದು ಬೇಡ ಎಂಬುದನ್ನು ವಿದ್ವಾಂಸರ ಸಂಪಾದಕ ಮಂಡಲಿ ನಿರ್ಧರಿಸುತ್ತಿತ್ತು. ಮೊದಲ ಸಂಪುಟ ಹೊರಬಂದದ್ದು 1969ರಲ್ಲಿ. ಹದಿನಾಲ್ಕು ಸಂಪುಟಗಳು ಪೂರ್ಣಗೊಳ್ಳಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ತನ್ನ ಬಗ್ಗೆ ತಾನೇ ಬರೆದು ಸಂಪುಟದೊಳಕ್ಕೆ ತೂರಿಸುವ ಅವಕಾಶ ಯಾವ ಉದ್ಯಮಿಗೂ, ಯಾವ ಪುಢಾರಿಗೂ ಇರಲಿಲ್ಲ.

2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಈ ವಿಶ್ವಕೋಶದ ಸಾಮಗ್ರಿಯನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅಲ್ಲಿನ ಲೇಖನಗಳು ಕನ್ನಡ ವಿಕಿಪೀಡಿಯವನ್ನು ಸೇರತೊಡಗಿದವು. ಕಟ್ಟುನಿಟ್ಟಿನ ಕಾವಲಿದ್ದ ಕಣಜದ ಕಾಳು ಬಾಗಿಲಿಗೆ ಅಗುಳಿಯೇ ಇಲ್ಲದ ಮನೆಗೆ ಬಂದಂತಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಪದವಿ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಬರೆದದ್ದು ತಕ್ಷಣ ಪ್ರಕಟವಾಗುತ್ತದೆ. ಪರಿಶೀಲನೆ ಏನಿದ್ದರೂ ಅನಂತರದ್ದು. ಈ ಔದಾರ್ಯದಿಂದಲೇ ಅಲ್ಲಿನ ಲೇಖನಗಳ ಸಂಖ್ಯೆ 30 ಸಾವಿರ ದಾಟಿದೆ. ಸ್ವಪ್ರಚಾರದ ಕಳೆಯೂ ಅದೇ ಔದಾರ್ಯದ ಫಲ.

ಕಳೆಯಲ್ಲಿ ಎರಡು ಜಾತಿ. ಒಂದು ಕೊಂಡಿಗಳ ಕಳೆ. ಮೈಸೂರಿನಂಥ ಪ್ರವಾಸಿ ನಗರದ ಪುಟವನ್ನೇ ಊಹಿಸಿಕೊಳ್ಳಿ. ಅರಮನೆ, ಚಾಮುಂಡಿ ಬೆಟ್ಟ, ದಸರಾ ಕುರಿತ ಬರಹದ ಕೊನೆಯಲ್ಲಿ 'ಬಾಹ್ಯ ಸಂಪರ್ಕಗಳು' ಎಂಬ ಪಟ್ಟಿ ಇರುತ್ತದೆ. ಟ್ಯಾಕ್ಸಿ ಬಾಡಿಗೆ, ಹೋಟೆಲ್, ಯೋಗ ತರಬೇತಿ, ರೇಷ್ಮೆ ಸೀರೆ ಮಾರುವವರಿಗೆಲ್ಲ ಅದು ಬಿಟ್ಟಿ ಜಾಹೀರಾತು ಫಲಕದಂತೆ ಕಾಣುವುದು ಸಹಜ. ವಿಕಿಪೀಡಿಯದಲ್ಲಿ ಕೊಂಡಿ ಇದ್ದರೆ ಶೋಧಯಂತ್ರಗಳಲ್ಲಿ ತಮ್ಮ ತಾಣ ಮೇಲಕ್ಕೇರುತ್ತದೆ ಎಂಬ ಲೆಕ್ಕಾಚಾರವೂ ಇದರ ಹಿಂದಿತ್ತು. 2007ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ತನ್ನ ಹೊರಕೊಂಡಿಗಳಿಗೆ 'ನೋಫಾಲೋ' ಎಂಬ ಗುರುತು ಹಚ್ಚಿ, ಶೋಧಯಂತ್ರಗಳು ಅವನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ ಎಂದು ಸೂಚಿಸಿತು. ಪದೇ ಪದೇ ನುಸುಳುವ ತಾಣಗಳಿಗಾಗಿ ಎಲ್ಲ ಭಾಷೆಗಳಿಗೂ ಅನ್ವಯಿಸುವ ಕಪ್ಪುಪಟ್ಟಿಯೂ ಇದೆ. ಕನ್ನಡದ ಒಂದಕ್ಷರ ತಿಳಿಯದ ವಿದೇಶಿ ಸ್ವಯಂಸೇವಕನೂ ಇಂಥ ಕೊಂಡಿಯನ್ನು ಗುರುತಿಸಿ ಕಿತ್ತೊಗೆಯಬಲ್ಲ.

ಎರಡನೆಯ ಜಾತಿ ಹೊಗಳಿಕೆಯದು. ನಿಜವಾದ ತೊಡಕು ಇಲ್ಲಿದೆ. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', 'ಬಹುಮುಖ ಪ್ರತಿಭೆ', 'ಯುವಕರ ಕಣ್ಮಣಿ' ಎಂಬ ವಿಶೇಷಣಗಳನ್ನು ಯಾವ ಕಪ್ಪುಪಟ್ಟಿಯೂ ಹಿಡಿಯದು. ಅದನ್ನು ಗುರುತಿಸಲು ಕನ್ನಡ ಓದಬಲ್ಲ, ಸಭಾ ಭಾಷಣಕ್ಕೂ ಮಾಹಿತಿಗೂ ಇರುವ ವ್ಯತ್ಯಾಸ ತಿಳಿದ ಮನುಷ್ಯನೇ ಬೇಕು. ಅಭಿನಂದನ ಗ್ರಂಥ, ಸನ್ಮಾನ ಪತ್ರ, ವೃತ್ತದಲ್ಲಿ ತೂಗುವ ಫ್ಲೆಕ್ಸ್ ಇವುಗಳ ನಡುವೆಯೇ ಬೆಳೆದವರಿಗೆ ಆ ಭಾಷೆ ಅಸಹಜವೆನಿಸುವುದೇ ಇಲ್ಲ ಎಂಬುದು ಬೇರೆ ಮಾತು. ಹಾಗೆ ಬರೆಯುವವರೆಲ್ಲ ಕಪಟಿಗಳೂ ಅಲ್ಲ. ಗುರುವಿನ ಮೇಲಿನ ಭಕ್ತಿಯಿಂದ ಶಿಷ್ಯ ಬರೆಯುತ್ತಾನೆ, ತಂದೆಯ ಮೇಲಿನ ಅಭಿಮಾನದಿಂದ ಮಗಳು ಬರೆಯುತ್ತಾಳೆ. ಹತ್ತಿರದ ಸಂಬಂಧವಿರುವವರು ತಾವೇ ಬರೆಯದೆ, ಲೇಖನದ ಚರ್ಚಾಪುಟದಲ್ಲಿ ಸಂಬಂಧವನ್ನು ತಿಳಿಸಿ ಮಾಹಿತಿ ಕೊಡಲಿ ಎಂಬುದು ವಿಕಿಪೀಡಿಯದಲ್ಲಿ ಬೆಳೆದುಬಂದಿರುವ ಪದ್ಧತಿ. ಇದನ್ನು ಭಕ್ತನಿಗೆ ಮನವರಿಕೆ ಮಾಡಿಕೊಡುವುದು ವ್ಯಾಪಾರಿಗೆ ತಿಳಿಹೇಳುವುದಕ್ಕಿಂತ ಕಷ್ಟ.

ಹಣ ಪಡೆದು ಬರೆಯುವ ದಂಧೆಯಂತೂ ಜಾಗತಿಕ. ಗಿರಾಕಿಗಳ ಪರವಾಗಿ ಗುಟ್ಟಾಗಿ ಲೇಖನ ತಿದ್ದುತ್ತಿದ್ದ ವಿಕಿ-ಪಿಆರ್ ಎಂಬ ಅಮೆರಿಕದ ಸಂಸ್ಥೆಯನ್ನು 2013ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಬಹಿಷ್ಕರಿಸಿತು. ಹಣ ಪಡೆದವರು ಅದನ್ನು ಬಹಿರಂಗಪಡಿಸಲೇಬೇಕು ಎಂಬ ನಿಯಮ 2014ರ ಜೂನ್‌ನಲ್ಲಿ ಬಂತು. ಮರುವರ್ಷವೇ 'ಆರೆಂಜ್‌ಮೂಡಿ' ಪ್ರಕರಣದಲ್ಲಿ 381 ಖಾತೆಗಳನ್ನು ಒಟ್ಟಿಗೆ ನಿರ್ಬಂಧಿಸಬೇಕಾಯಿತು. 2018ರಿಂದ ಇಂಗ್ಲಿಷ್‌ನಲ್ಲಿ ಹೊಸಬರು ನೇರವಾಗಿ ಲೇಖನ ಪ್ರಕಟಿಸುವಂತಿಲ್ಲ. ಖಾತೆಗೆ ನಾಲ್ಕು ದಿನ ತುಂಬಿ, ಹತ್ತು ತಿದ್ದುಪಡಿಗಳಾದರೂ ಆಗಿರಬೇಕು. ಬರೆಯುವವರ ದಂಡೇ ಇರುವ ಭಾಷೆಗೆ ಇಂಥ ಬೇಲಿ ಹೊರೆಯಲ್ಲ. ಲೇಖಕರಿಗಾಗಿಯೇ ಹಂಬಲಿಸುವ ಕನ್ನಡಕ್ಕೆ ಅದು ದುಬಾರಿ.

ಕನ್ನಡದಲ್ಲಿ ಅಳಿಸುವ ಅಧಿಕಾರವಿರುವ ನಿರ್ವಾಹಕರು ಬೆರಳೆಣಿಕೆಯಷ್ಟು ಮಂದಿ. ಎಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಸಾಹಿತ್ಯ, ಶಿಕ್ಷಣ, ಪತ್ರಿಕಾ ವಲಯದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹಾಗಾಗಿ ಲೇಖನವೊಂದಕ್ಕೆ 'ಅಳಿಸಬಹುದು' ಎಂಬ ಫಲಕ ಹಚ್ಚುವುದು ಮುಖ ಮುರಿದುಕೊಳ್ಳುವ ಕೆಲಸವೂ ಹೌದು. ಸಮುದಾಯದ ಚರ್ಚೆ ನಡೆಯುವ ಪುಟಕ್ಕೆ ಕನ್ನಡ ವಿಕಿಪೀಡಿಯ 'ಅರಳಿಕಟ್ಟೆ' ಎಂದು ಹೆಸರಿಟ್ಟಿದೆ. ಕಟ್ಟೆಯ ಮೇಲಿನ ನ್ಯಾಯದ ಗುಣ, ದೋಷ ಎರಡೂ ಅದಕ್ಕಿವೆ: ಮಾತು ಬಹಿರಂಗವಾಗಿ ನಡೆಯುತ್ತದೆ, ಆದರೆ ಮಾತನಾಡಲು ಬರುವವರು ಕೆಲವರೇ.

ಇಷ್ಟಾದರೂ ಅಳಿಸುವವರ ಕೊರತೆಗಿಂತ ದೊಡ್ಡದು ಪುರಾವೆಯ ಕೊರತೆ. ವ್ಯಕ್ತಿಯೊಬ್ಬರ ಬಗ್ಗೆ ಲೇಖನ ಉಳಿಯಬೇಕಾದರೆ ಅವರಿಗೆ ಸಂಬಂಧಪಡದ, ನಂಬಲರ್ಹ ಪ್ರಕಟಣೆಗಳಲ್ಲಿ ಅವರ ಕುರಿತು ಬರಹ ಬಂದಿರಬೇಕು. ನಿಯಮ ನ್ಯಾಯವಾದದ್ದೇ. ಆದರೆ ಅದು ಹೇಗೆ ತಿರುಗುಮುರುಗಾಗುತ್ತದೆ ನೋಡಿ. ಚಾಮರಾಜನಗರ, ಮೈಸೂರು ಸೀಮೆಯಲ್ಲಿ ಜೀವಮಾನವಿಡೀ ಮಂಟೇಸ್ವಾಮಿ ಕಾವ್ಯ ಹಾಡಿದ ನೀಲಗಾರನ ಬಗ್ಗೆ, ಕಂಸಾಳೆ ಕುಣಿದ ಮಾದಪ್ಪನ ಗುಡ್ಡನ ಬಗ್ಗೆ ಅಂತರ್ಜಾಲದಲ್ಲಿ ಒಂದು ಸಾಲೂ ಸಿಗದಿರಬಹುದು. ನಿವೇಶನ ಮಾರುವವನ ಬಗ್ಗೆ ಹತ್ತು 'ಸುದ್ದಿ'ಗಳು ಸಿಗುತ್ತವೆ, ಹತ್ತೂ ಆತನೇ ಕಳಿಸಿದ ಪತ್ರಿಕಾ ಹೇಳಿಕೆಗಳು. ಕಾಸಿಗಾಗಿ ಸುದ್ದಿ ಪ್ರಕಟಿಸುವ ಚಾಳಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ನೀಡಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಕಳೆ ಕೀಳಲು ಕೂತವನ ಕೈಗೆ ಪೈರೇ ಮೊದಲು ಸಿಗುವುದು ಹೀಗೆ.

ಪುರಾವೆ ಅಂತರ್ಜಾಲದಲ್ಲೇ ಇರಬೇಕು ಎಂದು ವಿಕಿಪೀಡಿಯ ಎಲ್ಲೂ ಹೇಳಿಲ್ಲ. ಅಚ್ಚಾದ ಪುಸ್ತಕದ ಹೆಸರು, ಪುಟಸಂಖ್ಯೆ ಕೊಟ್ಟರೆ ಸಾಕು. ಜಾನಪದ ಕುರಿತ ಗ್ರಂಥಗಳು, ಪಿಎಚ್‌.ಡಿ. ಪ್ರಬಂಧಗಳು ಮಾನಸಗಂಗೋತ್ರಿಯ ಗ್ರಂಥಾಲಯದಲ್ಲೇ ಇವೆ. ಆದರೆ ರಾತ್ರಿ ಹನ್ನೊಂದಕ್ಕೆ, ಕಚೇರಿ ಕೆಲಸ ಮುಗಿಸಿ ಹೊಸ ಪುಟಗಳನ್ನು ಪರಿಶೀಲಿಸುವ ಸ್ವಯಂಸೇವಕ ಗ್ರಂಥಾಲಯಕ್ಕೆ ಓಡಲಾರ. ಶೋಧಯಂತ್ರದಲ್ಲಿ ಹುಡುಕುತ್ತಾನೆ, ಸಿಗದಿದ್ದರೆ ಅಳಿಸುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ಹಳೆಯ ಸಂಚಿಕೆಗಳನ್ನು ಹುಡುಕಬಲ್ಲ ರೂಪದಲ್ಲಿ ತೆರೆದಿಡದ ಪತ್ರಿಕಾ ಸಂಸ್ಥೆಗಳು ಈ ಅನ್ಯಾಯದಲ್ಲಿ ಪಾಲುದಾರರು. ವಿಶ್ವಕೋಶವನ್ನು ಮುಕ್ತಗೊಳಿಸಿದ ಮೈಸೂರು ವಿಶ್ವವಿದ್ಯಾನಿಲಯ ಈ ವಿಷಯದಲ್ಲಿ ಉಳಿದವರಿಗಿಂತ ಮುಂದಿದೆ ಎನ್ನಲೇಬೇಕು. ಅಕಾರಾದಿಯಾಗಿ ದಶಕಗಳ ಕಾಲ ಹೊರಬಂದ ಆ ಕೋಶಕ್ಕೂ ಮಿತಿಯುಂಟು: 'ಅ' ಅಕ್ಷರದ ಹೆಸರಿನವರು ಮೊದಲ ಸಂಪುಟದ ಅನಂತರ ಪ್ರಸಿದ್ಧಿಗೆ ಬಂದಿದ್ದರೆ ಅಲ್ಲಿ ಹುಡುಕಿ ಫಲವಿಲ್ಲ.

2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಇಷ್ಟು ಜನರ ಭಾಷೆಗೆ ಇರುವುದು 30 ಸಾವಿರ ಚಿಲ್ಲರೆ ಲೇಖನ. 70 ಲಕ್ಷ ಲೇಖನಗಳ ಇಂಗ್ಲಿಷ್‌ನಲ್ಲಿ ಒಂದು ಪೊಳ್ಳು ಹೊಗಳಿಕೆ ಮೂಲೆಯಲ್ಲಿ ಬಿದ್ದಿರುತ್ತದೆ. ಕನ್ನಡದಲ್ಲಿ ಅದು ಕಣ್ಣಿಗೆ ಹೊಡೆಯುವಷ್ಟು ಜಾಗ ಹಿಡಿಯುತ್ತದೆ. ಶೋಧಯಂತ್ರಗಳು, ಈಗ ಕೃತಕ ಬುದ್ಧಿಮತ್ತೆಯ ಉತ್ತರಯಂತ್ರಗಳು ವಿಕಿಪೀಡಿಯವನ್ನು ಓದಿಯೇ ಮಾತನಾಡುತ್ತವೆ. ಇಂದು ಅಳಿಸದೆ ಉಳಿದ 'ಯುವಕರ ಕಣ್ಮಣಿ' ನಾಳೆ ಶಾಲಾ ಬಾಲಕಿಯೊಬ್ಬಳ ಪ್ರಶ್ನೆಗೆ ಮಾಹಿತಿಯ ವೇಷದಲ್ಲಿ ಉತ್ತರವಾಗಿ ಬರಬಹುದು. ಅಳಿಸಿಹೋದ ನೀಲಗಾರನ ಹೆಸರಾದರೋ ಅವಳಿಗೆ ಸಿಗುವುದೇ ಇಲ್ಲ.