ಡಾಕ್ಟ್ರನ್ನ ಕೇಳೋದು ತಪ್ಪಲ್ಲ, ಕೇಳದಿರೋದೇ ದುಬಾರಿ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಸಾವಿನ ಸುದ್ದಿ ಬಂತು. ಹೃದಯಾಘಾತ, ಅದೂ ಚಿಕ್ಕ ವಯಸ್ಸಿನವರಿಗೆ. ಟಿ.ವಿ.ಯವರು ದಿನಾ ಲೆಕ್ಕ ಇಟ್ಟರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. ನೋವಿದ್ದು ಬಂದವರ ಜೊತೆಗೆ ‘ಯಾವುದಕ್ಕೂ ಒಂದ್ಸಲ ನೋಡಿಸ್ಕೊಂಡ್ ಬಿಡೋಣ’ ಅಂತ ಬಂದವರೂ ಬಹಳ. ಗಾಬರಿ ಬೇಡ ಅಂತ ಡಾಕ್ಟರುಗಳೇ ಕೈಮುಗಿಯಬೇಕಾಯಿತು. ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಹಾಸನದಲ್ಲಿ ಹೃದಯಾಘಾತದ ಸಾವು ದಿಢೀರನೆ ಏರಿಲ್ಲ ಎಂದಿತು.

ಗಾಬರಿ ಇಳಿಯಿತು, ಪ್ರಶ್ನೆ ಉಳಿಯಿತು. ಗುಂಡುಕಲ್ಲಿನಂತೆ ಓಡಾಡುವವನು ಆಸ್ಪತ್ರೆಗೆ ಹೋಗಿ ಇದ್ದಬದ್ದ ಟೆಸ್ಟೆಲ್ಲ ಮಾಡಿಸಿಕೊಂಡರೆ ಲಾಭ ಅವನಿಗೋ, ಆಸ್ಪತ್ರೆಗೋ?

ಹೀಗೆ ಕೇಳುತ್ತ ಬಂದವರು ಹೊರಗಿನವರೇನಲ್ಲ, ಸ್ವತಃ ಹೃದ್ರೋಗ ತಜ್ಞರು. ಉಡುಪಿ ಕಡೆಯ ಡಾ. ಬಿ.ಎಂ. ಹೆಗ್ಡೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 2021ರಲ್ಲಿ ಪದ್ಮವಿಭೂಷಣ ಬಂತು. ಕಾಯಿಲೆಯೇ ಇಲ್ಲದವರ ಚೆಕಪ್ಪು, ಅಗತ್ಯವಿಲ್ಲದ ಆಂಜಿಯೋಪ್ಲಾಸ್ಟಿ, ಬೈಪಾಸು ಇವೆಲ್ಲ ವ್ಯಾಪಾರ ಅಂತ ಅವರು ಊರೂರಲ್ಲಿ ಭಾಷಣ ಮಾಡಿದರು, ಬರೆದರು. ಜನ ಚಪ್ಪಾಳೆ ತಟ್ಟಿದರು. ಅವರ ಕೆಲವು ಮಾತಿಗೆ ವಿಜ್ಞಾನದ ಆಧಾರವಿಲ್ಲ ಅಂತ ಬೇರೆ ವೈದ್ಯರು ತಿರುಗಿಬಿದ್ದದ್ದೂ ಉಂಟು. ಹಾಗಾದರೆ ಜನ ಯಾರನ್ನು ನಂಬಬೇಕು?

ಚಪ್ಪಾಳೆ ಬಿಟ್ಟು ಲೆಕ್ಕ ನೋಡುವುದು ಮೇಲು. ನಡೆದರೆ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ತಿಂಗಳುಗಟ್ಟಲೆ ಹೀಗೇ ಇರುತ್ತದೆ. ಇಂಥ ರೋಗಿಗಳಿಗೆ ಸ್ಟೆಂಟ್ ಹಾಕಿದರೆ ಆಯಸ್ಸು ಹೆಚ್ಚುತ್ತದೆಯೇ ಅಂತ 2007ರಲ್ಲಿ ಹೊರಬಂದ ‘ಕರೇಜ್’ ಅಧ್ಯಯನ 2,287 ಜನರನ್ನು ನೋಡಿ ಹೇಳಿತು: ಸರಿಯಾದ ಮಾತ್ರೆ ಕೊಟ್ಟರೆ ಸಿಗುವುದಕ್ಕಿಂತ ಹೆಚ್ಚೇನಿಲ್ಲ. ಮುಂದೆ ‘ಇಸ್ಕೀಮಿಯಾ’ ಎಂಬ ಇನ್ನೂ ದೊಡ್ಡ ಅಧ್ಯಯನ, 37 ದೇಶಗಳ 5,179 ರೋಗಿಗಳದ್ದು, ಭಾರತದವರೂ ಅದರಲ್ಲಿದ್ದರು, 2019ರ ಕೊನೆಗೆ ಹೆಚ್ಚುಕಡಿಮೆ ಅದನ್ನೇ ಹೇಳಿತು. ಪದೇ ಪದೇ ನೋವು ಬರುವವರಿಗೆ ನೋವು ಕಡಿಮೆ ಆಗುತ್ತದೆ, ಅದು ನಿಜವಾದ ಲಾಭ. ಆದರೆ ‘ನಾಳೆಯೇ ಹಾಕಿಸದಿದ್ರೆ ಪ್ರಾಣಕ್ಕೇ ಅಪಾಯ’ ಎಂಬ ಮಾತು ಇಂಥ ಎಲ್ಲರಿಗೂ ಒಪ್ಪುವುದಿಲ್ಲ. ಇಷ್ಟರ ಮಟ್ಟಿಗೆ ಅನುಮಾನದ ಡಾಕ್ಟರರ ಮಾತಿಗೆ ಬಲವಿದೆ.

ಇನ್ನು ಅದೇ ನಾಣ್ಯದ ಹಿಂಬದಿ. ಕೂತಲ್ಲೇ ಎದೆ ಹಿಂಡುತ್ತದೆ, ಬೆವರು ಕಿತ್ತು ಬರುತ್ತದೆ, ಎಡಗೈಗೋ ದವಡೆಗೋ ನೋವು ಇಳಿಯುತ್ತದೆ. ಇದು ಬೇರೆಯೇ ಕಥೆ. ರಕ್ತನಾಳ ಆ ಗಳಿಗೆಯಲ್ಲೇ ಕಟ್ಟಿಕೊಂಡಿರುತ್ತದೆ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ. ಇಲ್ಲಿ ಸ್ಟೆಂಟು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನು ಪ್ರಾಣ ಉಳಿಸುತ್ತವೆ. ‘ಗ್ಯಾಸು’ ಅಂತ ಸೋಡಾ ಕುಡಿದು ಮಲಗಿದವನನ್ನು, ‘ಡಾಕ್ಟ್ರುಗಳೆಲ್ಲ ಕಳ್ಳರು’ ಅಂತ ಕಷಾಯ ಹುಡುಕಿ ಹೋದವನನ್ನು ಯಾವ ಭಾಷಣವೂ ಕಾಯುವುದಿಲ್ಲ. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ತಂದ ಹೃದಯಜ್ಯೋತಿ ಯೋಜನೆ ಇದಕ್ಕೇ ಇರುವುದು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ಬೇಕಿದ್ದರೆ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುತ್ತಾರೆ.

ಅಂದಮೇಲೆ ಅನುಮಾನ ತಪ್ಪಲ್ಲ. ಅನುಮಾನವನ್ನು ಡಾಕ್ಟರ ಕೋಣೆಯಲ್ಲಿ ನುಂಗಿಕೊಂಡು, ಹೊರಗೆ ಟೀ ಅಂಗಡಿಯಲ್ಲಿ ಕಕ್ಕುವುದು ತಪ್ಪು. ಒಂದು ರೂಪಾಯಿ ಚಿಲ್ಲರೆಗೆ ಕಂಡಕ್ಟರ ಬೆನ್ನು ಬಿಡದವರು, ಕಾಲು ಕೆಜಿ ಬೇಳೆಗೆ ತಕ್ಕಡಿ ಮುಳ್ಳು ನೋಡುವವರು, ಎರಡು ಲಕ್ಷದ ಬಿಲ್ಲಿಗೆ ‘ನೀವು ಹೇಳ್ದಂಗೆ ಸಾರ್’ ಅಂದು ಸಹಿ ಹಾಕುತ್ತಾರೆ. ಕೇಳಿದರೆ ‘ಯಾಕ್ರೀ, ನಮ್ಮೇಲೆ ನಂಬಿಕೆ ಇಲ್ವಾ?’ ಅಂದಾರು ಎಂಬ ಅಳುಕು. ನಂಬಿಕೆ ಬೇರೆ ಸ್ವಾಮಿ, ಕಣ್ಣು ಮುಚ್ಚಿ ಸಹಿ ಹಾಕೋದು ಬೇರೆ.

ಕಾನೂನು ರೋಗಿಯ ಕಡೆಗೇ ಇದೆ. ದುಡ್ಡು ಕೊಟ್ಟು ಚಿಕಿತ್ಸೆ ಪಡೆಯುವವನು ಗ್ರಾಹಕ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಒಂದು ಆಪರೇಷನ್ನಿಗೆ ಒಪ್ಪಿಗೆ ಪಡೆದು, ಪ್ರಾಣಾಪಾಯವಿಲ್ಲದಿದ್ದರೂ ಇನ್ನೊಂದನ್ನು ಮಾಡುವಂತಿಲ್ಲ ಎಂದು 2008ರಲ್ಲಿ ತೀರ್ಪು ಕೊಟ್ಟಿದೆ. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು ಎಂಬುದು ವೈದ್ಯರಿಗೇ ಇರುವ 2002ರ ನಿಯಮ. ಔಷಧ ಲೇಪಿತ ಸ್ಟೆಂಟಿಗೆ ಲಕ್ಷ ದಾಟಿ ಕೀಳುತ್ತಿದ್ದ ಕಾಲದಲ್ಲಿ, 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದರ ಬೆಲೆಯನ್ನು 29,600 ರೂಪಾಯಿಗೆ ಕಟ್ಟಿತು. ಆಮೇಲೆ ಆಗಾಗ ದರ ಪರಿಷ್ಕರಣೆ ಆಗುತ್ತ ಬಂದಿದೆ.

ಅದೇ 2017ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು. ಕೆಲವು ಕಟುವಾದ ಅಂಶಗಳು ಬಿದ್ದುಹೋದವು, ಕಾಯ್ದೆ ಬಂತು. ದರಪಟ್ಟಿ ಕಾಣುವ ಹಾಗೆ ಹಾಕಬೇಕು, ತುರ್ತು ಚಿಕಿತ್ಸೆಗೆ ಮುಂಗಡಕ್ಕೆ ಪಟ್ಟು ಹಿಡಿಯಬಾರದು, ಬಾಕಿ ಹಣಕ್ಕಾಗಿ ಹೆಣ ಇಟ್ಟುಕೊಳ್ಳಬಾರದು. ದೂರು ಕೇಳಲು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ. ಡಿ.ಸಿ. ಆಫೀಸಿಗೆ ಖಾತೆ, ಪಹಣಿ ಅಂತ ಅಲೆಯುವ ಎಷ್ಟು ಜನಕ್ಕೆ ಇದು ಗೊತ್ತು? ಗೊತ್ತು ಮಾಡಿಸುವ ಉತ್ಸಾಹ ಅಧಿಕಾರಿಗಳಿಗೂ ಇದ್ದಂತಿಲ್ಲ.

ತುರ್ತು ಇಲ್ಲದ ಯಾವ ಚಿಕಿತ್ಸೆಗೂ ನಾಲ್ಕು ಮಾತು ಕೇಳಿದರೆ ಸಾಕು. ಇದು ಈಗಲೇ ಆಗಬೇಕಾ? ಮಾಡಿಸದಿದ್ದರೆ ಏನಾಗುತ್ತೆ? ಮಾತ್ರೆಯಲ್ಲಿ ನಡೆಯುತ್ತಾ? ಒಟ್ಟು ಎಷ್ಟಾಗುತ್ತೆ, ಬರೆದು ಕೊಡ್ತೀರಾ? ಒಳ್ಳೆ ಡಾಕ್ಟರು ಕುಳಿತು ಉತ್ತರ ಹೇಳುತ್ತಾರೆ. ಅಂಥವರು ಪ್ರತಿ ಊರಲ್ಲೂ ಇದ್ದಾರೆ. ಸಿಡುಕುವವರಿದ್ದರೆ ರಿಪೋರ್ಟು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಬ್ಬರ ಹತ್ತಿರ ಹೋಗಬಹುದು. ಬಸ್ ಚಾರ್ಜು ಮೂವತ್ತೋ ನಲವತ್ತೋ ಆದೀತು. ಅಡವಿಟ್ಟ ಒಡವೆ ಬಿಡಿಸಿಕೊಳ್ಳುವುದಕ್ಕಿಂತ ಅದು ಅಗ್ಗ.