ಮಿದುಳಿನ ಗೆಡ್ಡೆ: ಚಿತ್ರಕ್ಕೆ ಮೊದಲು, ಚಿತ್ರದ ತರುವಾಯ

1884ನೆಯ ಇಸವಿ ನವೆಂಬರ್ 25ರಂದು ಲಂಡನ್ ನಗರದ ಒಂದು ಆಸ್ಪತ್ರೆಯಲ್ಲಿ ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯನು ಇಪ್ಪತ್ತೈದು ವರ್ಷದ ಒಬ್ಬ ಬೇಸಾಯಗಾರನ ತಲೆಬುರುಡೆಯನ್ನು ತೆರೆದು, ಮಿದುಳಿನ ಮೇಲ್ಪದರದ ಕೆಳಗೆ ಅಡಗಿದ್ದ ಆಕ್ರೋಡು ಗಾತ್ರದ ಗೆಡ್ಡೆಯೊಂದನ್ನು ಹೊರತೆಗೆದನು. ಕ್ಷ-ಕಿರಣಗಳು ಆಗಿನ್ನೂ ಪತ್ತೆಯಾಗಿರಲಿಲ್ಲ. ರಂಟ್‌ಗೆನ್ ಅವುಗಳನ್ನು ಕಂಡುದು ಹನ್ನೊಂದು ವರ್ಷಗಳ ಬಳಿಕ. ಹಾಗಿದ್ದರೆ ಬುರುಡೆಯ ಯಾವ ಎಡೆಯನ್ನು ಕೊರೆಯಬೇಕೆಂದು ತಿಳಿದುದು ಹೇಗೆ? ರೋಗಿಯನ್ನು ಪರೀಕ್ಷಿಸಿದ್ದ ವೈದ್ಯ ಹ್ಯೂಸ್ ಬೆನೆಟ್ ಅವನ ಸೆಳೆತವು ಮೊದಲು ಎಡ ಮುಖದಲ್ಲಿ ತೋರಿ, ಅನಂತರ ಎಡತೋಳಿಗಿಳಿದು, ಕೊನೆಗೆ ಎಡಗೈಯೇ ಬಲಗುಂದಿದುದನ್ನು ಕ್ರಮವಾಗಿ ಗುರುತುಹಾಕಿಕೊಂಡಿದ್ದನು. ಡೇವಿಡ್ ಫೆರಿಯರ್ ಕೋತಿಗಳ ಮಿದುಳಿನ ಮೇಲೆ ನಡೆಸಿದ ಪ್ರಯೋಗಗಳಿಂದ ಯಾವ ಅಂಗದ ಚಲನೆಗೆ ಮಿದುಳಿನ ಯಾವ ಭಾಗ ಎಂಬುದು ಆ ವೇಳೆಗೆ ತಕ್ಕಮಟ್ಟಿಗೆ ತಿಳಿದಿದ್ದಿತು. ಎರಡನ್ನೂ ಹೊಂದಿಸಿ ನೋಡಿ ಬಲಭಾಗದ ಇಂತಹ ಎಡೆಯೆಂದು ಬೆನೆಟ್ ಹೇಳಿದನು. ಗೆಡ್ಡೆ ಅಲ್ಲಿಯೇ ಇದ್ದಿತು. ರೋಗಿಯು ನಾಲ್ಕು ವಾರಗಳ ತರುವಾಯ ಗಾಯದ ಸೋಂಕಿನಿಂದ ತೀರಿಕೊಂಡನಾದರೂ ನಿದಾನವು ತಪ್ಪಿರಲಿಲ್ಲ.

ಅಲ್ಲಿಂದ ಇಂದಿನವರೆಗೆ ಮಿದುಳನ್ನು ಹೊರಗಿನಿಂದಲೇ ಕಾಣುವ ವಿದ್ಯೆಯು ಬೆಳೆದ ಪರಿ ಬೆರಗು ಹುಟ್ಟಿಸುವಂತಹುದು. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನೊಳಗಣ ಕುಹರಗಳಿಗೆ ಗಾಳಿಯನ್ನು ತುಂಬಿ ಕ್ಷ-ಕಿರಣ ಚಿತ್ರ ತೆಗೆದನು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ರಕ್ತನಾಳಗಳ ಚಿತ್ರವನ್ನು ಪಡೆದನು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲೀ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊತ್ತಮೊದಲು ಒಬ್ಬ ರೋಗಿಯ ಮಿದುಳಿನ ಪದರಗಳನ್ನು ತೋರಿಸಿತು. ರೋಗಿಯು ಹಣೆಯ ಹಿಂಭಾಗದಲ್ಲಿ ಗೆಡ್ಡೆಯಿದೆಯೆಂಬ ಶಂಕೆಯಿಂದ ಬಂದ ಹೆಂಗಸು. ಆ ಚಿತ್ರದಲ್ಲಿದ್ದುದು ಉದ್ದಕ್ಕೆ 80, ಅಡ್ಡಕ್ಕೆ 80 ಚೌಕಗಳು ಮಾತ್ರ. ಕಸೂತಿಯ ಮಾದರಿಯಂತೆ ಒರಟಾಗಿದ್ದಿತು. ಆದರೂ ಗೆಡ್ಡೆ ಕಂಡಿತು. ಬಳಿಕ ಬಂದ ಎಂ.ಆರ್.ಐ. ಯಂತ್ರವು ಕ್ಷ-ಕಿರಣದ ಹಂಗಿಲ್ಲದೆ, ಶರೀರದ ನೀರಿನಲ್ಲಿರುವ ಜಲಜನಕದ ಪರಮಾಣುಗಳನ್ನು ಕಾಂತಕ್ಷೇತ್ರದಲ್ಲಿ ಮಿಡಿಸಿ, ಅವುಗಳ ಉತ್ತರದಿಂದಲೇ ಚಿತ್ರವನ್ನು ರಚಿಸುವುದು.

ಇವೆಲ್ಲವನ್ನೂ ಮೆಚ್ಚುತ್ತಲೇ ನಾನು ಹೇಳಬಯಸುವ ಮಾತು ಬೇರೆ. ಚಿತ್ರದ ಬೆಲೆಯು ಚಿತ್ರದಲ್ಲಿಯೇ ಇಲ್ಲ. ರೋಗಿಯನ್ನು ಯಂತ್ರದ ಬಳಿಗೆ ಕಳುಹಿಸಿದ ವಿವೇಕ ಒಂದು, ಬಂದ ಚಿತ್ರವನ್ನು ನಿಜವಾದ ಮಿದುಳಿನೊಡನೆ ಒರೆಹಚ್ಚಿ ನೋಡಿದ ವಿವೇಕ ಇನ್ನೊಂದು. ಇವೆರಡರ ನಡುವೆ ಚಿತ್ರಕ್ಕೆ ಅರ್ಥ ಬರುವುದು. ನಮ್ಮ ನಾಡಿನಲ್ಲಿ ಯಂತ್ರವನ್ನು ಕೊಳ್ಳುವ ಉತ್ಸಾಹವಿರುವಷ್ಟು ಈ ಎರಡನ್ನು ಬೆಳೆಸುವ ಉತ್ಸಾಹ ಕಾಣುವುದಿಲ್ಲ. ಇದರಿಂದಾಗುವ ನಷ್ಟವನ್ನು ಹೊರುವವರು ಬೆಂಗಳೂರಿನವರಲ್ಲ. ಕೊಪ್ಪಳ ಜಿಲ್ಲೆಯ ಕನಕಗಿರಿ ತಾಲ್ಲೂಕಿನ ಹುಲಿಹೈದರದಂತಹ ಊರಿನವರು.

ಮೊದಲು ಚಿತ್ರದ ತರುವಾಯದ ವಿವೇಕವನ್ನು ಕುರಿತು ನೋಡೋಣ. ಇದಕ್ಕೆ ಉದಾಹರಣೆಯನ್ನು ಹುಡುಕಲು ವಿಲಾಯತಿಗೆ ಹೋಗಬೇಕಾಗಿಲ್ಲ. ಸಿ.ಟಿ. ಯಂತ್ರಗಳು ಭಾರತಕ್ಕೆ ಬಂದ ಹೊಸದರಲ್ಲಿ, ಮೂರ್ಛೆರೋಗದಿಂದ ನರಳುವ ಅನೇಕರ ಮಿದುಳಿನಲ್ಲಿ ಒಂದೇ ಒಂದು ಚಿಕ್ಕ ಉಂಗುರದಂತಹ ಮಚ್ಚೆಯು ಕಾಣತೊಡಗಿತು. ಪಾಶ್ಚಾತ್ಯ ಪುಸ್ತಕವನ್ನು ನಂಬಿದರೆ ಅದು ಗೆಡ್ಡೆಯಿರಬೇಕು. ನಮ್ಮ ದೇಶದಲ್ಲಿ ಕ್ಷಯರೋಗ ಹೆಚ್ಚು. ಆದುದರಿಂದ ಅದು ಕ್ಷಯದ ಗಂಟೆಂದು ಇಲ್ಲಿಯ ಬಹುಮಂದಿ ವೈದ್ಯರು ಎಣಿಸಿದರು. ತಿಂಗಳುಗಟ್ಟಲೆ ಕ್ಷಯದ ಔಷಧಿಯನ್ನು ಕೊಟ್ಟರು. ಮಚ್ಚೆ ಮಾಯವಾಯಿತು. ಔಷಧಿಗೆ ಕೀರ್ತಿ ಬಂದಿತು.

ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಅವರ ಸಂಗಡಿಗರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಅಂತಹ ಮಚ್ಚೆಯ ಭಾಗವನ್ನೇ ಶಸ್ತ್ರಕ್ರಿಯೆಯಿಂದ ತೆಗೆದು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದರು. 1991ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವು ಎಣಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ಮಚ್ಚೆಗಳು ಕ್ಷಯವೂ ಅಲ್ಲ, ಗೆಡ್ಡೆಯೂ ಅಲ್ಲ; ಹಂದಿಯ ಲಾಡಿಹುಳುವಿನ ಮರಿಯು ಮಿದುಳನ್ನು ಸೇರಿ ಅಲ್ಲಿ ಸಾಯುತ್ತಿರುವಾಗ ಏಳುವ ಊತ. ಅಂತಹ ಊತವು ಅನೇಕ ವೇಳೆ ತಾನಾಗಿಯೇ ಇಳಿಯುವುದು. ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು: ಹಂದಿಯ ಮಾಂಸವನ್ನು ಮುಟ್ಟದವರಿಗೂ ಇದು ಬರುವುದು ಹೇಗೆ? ಮಾಂಸದಿಂದ ಬರುವುದು ಕರುಳಿನ ಲಾಡಿಹುಳು. ಮಿದುಳನ್ನು ಸೇರುವ ಮರಿಯು ಬರುವುದು ಆ ಹುಳುವನ್ನು ಹೊಟ್ಟೆಯಲ್ಲಿಟ್ಟುಕೊಂಡ ಮನುಷ್ಯನ ಮಲದಲ್ಲಿರುವ ಮೊಟ್ಟೆಗಳಿಂದ. ಅವು ನೀರು, ಸೊಪ್ಪು, ತೊಳೆಯದ ಕೈ ಇವುಗಳ ಮೂಲಕ ಯಾರ ಬಾಯನ್ನಾದರೂ ಸೇರಬಹುದು. ಮಡಿವಂತರ ಮನೆಗೂ ಇದರಿಂದ ವಿನಾಯಿತಿಯಿಲ್ಲ.

ವೆಲ್ಲೂರಿನವರು ಇಷ್ಟಕ್ಕೇ ನಿಲ್ಲದೆ, ಯಾವ ಮಚ್ಚೆಯನ್ನು ಕೊಯ್ಯದೆ ಕಾದು ನೋಡಬಹುದೆಂಬುದಕ್ಕೆ ಲಕ್ಷಣಗಳನ್ನೂ ಗೊತ್ತುಮಾಡಿದರು. ಮಚ್ಚೆ ಒಂದೇ ಇರಬೇಕು. ಅದರ ಅಳತೆ 20 ಮಿಲಿಮೀಟರನ್ನು ಮೀರಿರಬಾರದು. ಮಿದುಳಿನ ನಡುಗೆರೆಯು ಪಕ್ಕಕ್ಕೆ ಸರಿದಿರಬಾರದು. ತಲೆಯೊಳಗಿನ ಒತ್ತಡ ಏರಿದ ಚಿಹ್ನೆಯಾಗಲಿ, ದಿನೇ ದಿನೇ ಹೆಚ್ಚುವ ನಿಶ್ಶಕ್ತಿಯಾಗಲಿ ಇರಬಾರದು. ಇಂತಹವರಿಗೆ ಮೂರ್ಛೆ ತಡೆಯುವ ಮಾತ್ರೆಯನ್ನು ಕೊಟ್ಟು, ಕೆಲವು ವಾರಗಳ ಮೇಲೆ ಮತ್ತೊಮ್ಮೆ ಚಿತ್ರ ತೆಗೆದರೆ ಸಾಕು. ಎಷ್ಟು ತಲೆಗಳು ವೃಥಾ ಕೊಯ್ಯಲ್ಪಡುವುದು ಇದರಿಂದ ತಪ್ಪಿತೋ! ಇತ್ತೀಚಿನ ದಶಕಗಳಲ್ಲಿ ಭಾರತದಲ್ಲಿ ನಡೆದ ಶಸ್ತ್ರವೈದ್ಯ ಸಂಶೋಧನೆಗಳಲ್ಲಿ ಇದಕ್ಕಿಂತ ಉಪಕಾರಿಯಾದುದನ್ನು ನಾನು ಕಾಣೆ. ಅದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ನಿಜವಾದ ಗೆಡ್ಡೆಗಳ ಮಾತು. ಮಿದುಳಿನ ಬಿಳಿಯ ಭಾಗವು ಲಕ್ಷಾಂತರ ನರತಂತುಗಳ ಕಂತೆ. ಗೆಡ್ಡೆಯನ್ನು ಬಿಡಿಸುವಾಗ ಮಾತಿನ ತಂತುವೊಂದು ಕತ್ತರಿಸಿದರೆ ರೋಗಿಯು ಉಳಿದೂ ಮೂಕನಾಗಬಹುದು. ಈಗಿನ ಎಂ.ಆರ್.ಐ. ಯಂತ್ರವು ನೀರಿನ ಕಣಗಳು ತಂತುಗಳ ಉದ್ದಕ್ಕೆ ಹರಿಯುವ ದಿಕ್ಕನ್ನು ಅಳೆದು, ಈ ಕಂತೆಗಳನ್ನು ಕೆಂಪು, ಹಸುರು, ನೀಲಿ ಬಣ್ಣಗಳ ಎಳೆಗಳಾಗಿ ಬರೆದು ಕೊಡುವುದು. ನೋಡಲು ಇಳಕಲ್ಲಿನ ಸೀರೆಯ ಸೆರಗಿಗಿಂತ ಸೊಗಸು. ಆದರೆ ಅದು ಲೆಕ್ಕದಿಂದ ಊಹಿಸಿದ ಚಿತ್ರವೇ ಹೊರತು ತಂತುವಿನ ಛಾಯಾಚಿತ್ರವಲ್ಲ. 2017ರಲ್ಲಿ 20 ಸಂಶೋಧಕರ ತಂಡಗಳು ಒಂದೇ ಕೃತಕ ಮಾದರಿಯ ಮೇಲೆ ತಮ್ಮ ತಮ್ಮ ಲೆಕ್ಕಗಳನ್ನು ಓಡಿಸಿ, ಒಟ್ಟು 96 ಉತ್ತರಗಳನ್ನು ಕೊಟ್ಟ ಪರೀಕ್ಷೆಯೊಂದು ಪ್ರಕಟವಾಯಿತು. ನಿಜವಾಗಿ ಇದ್ದ ಕಂತೆಗಳಲ್ಲಿ ಹೆಚ್ಚಿನವನ್ನು ಎಲ್ಲರೂ ಕಂಡುಹಿಡಿದರು. ಆದರೆ ಇದ್ದವುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಇಲ್ಲದ ಕಂತೆಗಳನ್ನೂ ಬರೆದಿಟ್ಟಿದ್ದರು!

ಇದನ್ನು ಒರೆಹಚ್ಚುವ ಕಲ್ಲು ಯಾವುದು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿಯೇ ತೋರಿಸಿಕೊಟ್ಟ ಉಪಾಯ. ಔಷಧಿಯಲ್ಲಿ ನೆನೆದ ಮಿದುಳನ್ನು ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಹರಳಾಗಿ ಹಿಗ್ಗಿ ತಂತುಗಳನ್ನು ಒಂದರಿಂದೊಂದು ಬಿಡಿಸುವುದು. ಬಳಿಕ ಮರದ ಚಪ್ಪಟೆ ಕಡ್ಡಿಯಿಂದ ಬಾಳೆಯ ದಿಂಡಿನ ನಾರನ್ನು ಸುಲಿಯುವಂತೆ ಒಂದೊಂದು ಕಂತೆಯನ್ನೂ ಸುಲಿದು ನೋಡಬಹುದು. ಮಿದುಳಿನ ಶಸ್ತ್ರವೈದ್ಯರು ಇಂದು ಈ ಹಳೆಯ ವಿದ್ಯೆಗೆ ಮತ್ತೆ ಮನಸ್ಸು ಕೊಡುತ್ತಿರುವುದು ಆಕಸ್ಮಿಕವಲ್ಲ.

ಕಡ್ಡಿ ಸುಲಭ, ಮಿದುಳು ಬೇಕಲ್ಲ! ಅಂಗರಚನಾಶಾಸ್ತ್ರದ ಅಭ್ಯಾಸಕ್ಕಾಗಿ ಶರೀರವನ್ನು ಪಡೆಯಲು ನಮ್ಮಲ್ಲಿ 1957ರ ಕಾನೂನಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿಯೇ ಮಿದುಳಿನ ಭಂಡಾರವು ಏರ್ಪಟ್ಟಿದೆ. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಿ. ಎಸ್. ರಾಮಣ್ಣವರ ತಮ್ಮ ದೇಹವನ್ನು ದಾನಮಾಡಿ, ಅವರ ಮಗ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಮುಂದೆ ತಂದೆಯ ಶರೀರವನ್ನು ತಾವೇ ಛೇದಿಸಿ ತೋರಿಸಿದ ಸಂಗತಿ ಕನ್ನಡಿಗರಿಗೆ ಮರೆತಿರಲಾರದು. ಅದನ್ನು ಕೇಳಿ ಮೈನವಿರೇಳುವುದು ಸಹಜ. ಆದರೆ ಮೈನವಿರೆದ್ದವರಲ್ಲಿ ಎಷ್ಟುಮಂದಿ ದಾನಪತ್ರಕ್ಕೆ ಸಹಿಹಾಕಿದರು? ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಉದ್ಘಾಟಿಸುವ ಸಭೆಯಲ್ಲಿ ದೇಹದಾನದ ಮಾತನ್ನೂ ಎತ್ತಬೇಕೆಂದು ನನಗೆ ಅನ್ನಿಸುವುದು. ಎತ್ತಿದ ಸಭೆಯನ್ನು ನಾನು ಕಂಡಿಲ್ಲ.

ಒಳ್ಳೆಯ ಚಿತ್ರದಿಂದ ಆಯುಷ್ಯ ಹೆಚ್ಚಿತೇ ಎಂಬ ಪ್ರಶ್ನೆಗೂ ನೇರವಾದ ಉತ್ತರ ಕೊಡಬೇಕು. 2006ರಲ್ಲಿ ಜರ್ಮನಿಯ ವೈದ್ಯರು ಒಂದು ಪ್ರಯೋಗವನ್ನು ಪ್ರಕಟಿಸಿದರು. ರೋಗಿಯು ಶಸ್ತ್ರಕ್ರಿಯೆಗೆ ಮೊದಲು ಒಂದು ದ್ರಾವಣವನ್ನು ಕುಡಿದಿದ್ದರೆ, ನೀಲಿ ಬೆಳಕಿನಲ್ಲಿ ಕ್ರೂರ ಗೆಡ್ಡೆಯ ಜೀವಕೋಶಗಳು ಕೆಂಪಾಗಿ ಹೊಳೆಯುವುವು. ಹಾಗೆ ಕೊಯ್ದವರಲ್ಲಿ 100ಕ್ಕೆ 65 ಮಂದಿಯಲ್ಲಿ ಚಿತ್ರದಲ್ಲಿ ಕಾಣುವ ಗೆಡ್ಡೆ ಪೂರ್ತಿ ಹೋಗಿದ್ದಿತು. ಸಾಮಾನ್ಯ ಬೆಳಕಿನಲ್ಲಿ ಕೊಯ್ದವರಲ್ಲಿ 36 ಮಂದಿಯಲ್ಲಿ ಮಾತ್ರ. ಆರು ತಿಂಗಳವರೆಗೆ ಗೆಡ್ಡೆ ಮರುಕಳಿಸದೆ ಇದ್ದವರು 41, ಎದುರಿನ ಗುಂಪಿನಲ್ಲಿ 21. ಆದರೆ ಒಟ್ಟು ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗ್ಲಯೋಬ್ಲಾಸ್ಟೋಮ ಎಂಬ ಈ ಗೆಡ್ಡೆಗೆ ಶಸ್ತ್ರಕ್ರಿಯೆ, ವಿಕಿರಣ, ಟೆಮೊಜೊಲೊಮೈಡ್ ಔಷಧಿ ಎಲ್ಲವನ್ನೂ ಕೂಡಿಸಿದಾಗಲೂ 2005ರ ಪ್ರಸಿದ್ಧ ಪ್ರಯೋಗದಲ್ಲಿ ಬದುಕಿನ ಮಧ್ಯಮ ಅವಧಿಯು 12.1 ತಿಂಗಳಿನಿಂದ 14.6 ತಿಂಗಳಿಗೆ ಏರಿತು. ಅಷ್ಟೇ.

ಮಿದುಳಿನ ಗೆಡ್ಡೆಗಳೆಲ್ಲ ಇಷ್ಟು ಕ್ರೂರವಲ್ಲವೆಂಬುದೇ ಇಲ್ಲಿ ಮುಖ್ಯ. ಮಿದುಳಿನ ಹೊದಿಕೆಯಿಂದ ಹುಟ್ಟುವ ಗೆಡ್ಡೆಗಳೂ ಪಿಟ್ಯೂಟರಿ ಗ್ರಂಥಿಯ ಗೆಡ್ಡೆಗಳೂ ಬಹುಮಟ್ಟಿಗೆ ಸಾಧುಸ್ವಭಾವದವು, ನಿಧಾನವಾಗಿ ಬೆಳೆಯುವುವು, ಸಕಾಲದಲ್ಲಿ ತೆಗೆದರೆ ರೋಗಿಯು ಹೊಲಕ್ಕೆ ಮರಳಬಹುದು. ತಡವಾದರೆ ಪ್ರಾಣ ಉಳಿದರೂ ಕಣ್ಣು ಉಳಿಯಲಾರದು. ಹುಲಿಹೈದರದ ರೈತನ ದೃಷ್ಟಿಯಿಂದ ಲಾಭವಿರುವುದು ಇಲ್ಲಿ, ಕೆಂಪಾಗಿ ಹೊಳೆಯುವ ದ್ರಾವಣದಲ್ಲಲ್ಲ.

ನಡುವಯಸ್ಸಿನವನಿಗೆ ಹಿಂದೆಂದೂ ಇಲ್ಲದ ಮೂರ್ಛೆ ಮೊದಲಬಾರಿಗೆ ಬಂದಿತೆಂದು ಇಟ್ಟುಕೊಳ್ಳೋಣ. ಕೈಗೆ ಕಬ್ಬಿಣದ ಬೀಗದಕೈ ಕೊಟ್ಟಾಯಿತು. ದೇವರಿಗೆ ಹರಕೆ ಹೊತ್ತಾಯಿತು. ಇಲ್ಲವೆ, ಬೆಳಗಿನ ಜಾವ ತಲೆನೋವಿನಿಂದ ಎಚ್ಚರವಾಗಿ ವಾಂತಿಯಾಗುವುದು, ಪಿತ್ತವೆಂದು ಕಷಾಯ. ಪಕ್ಕದಿಂದ ಬಂದ ಬಂಡಿ ಕಾಣುವುದಿಲ್ಲ, ವಯಸ್ಸಾಯಿತೆಂದು ಸಮಾಧಾನ. ಬೆಂಗಳೂರು ನಗರ ಮತ್ತು ಸುತ್ತಣ ಹಳ್ಳಿಗಳ ಒಂದು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಸಮೀಕ್ಷೆ ಮಾಡಿ ನಿಮ್ಹಾನ್ಸ್ ತಜ್ಞರು 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೂರ್ಛೆರೋಗಿಗಳು ನಗರದಲ್ಲಿ ಸಾವಿರಕ್ಕೆ 6ಕ್ಕೂ ಕಡಮೆ, ಹಳ್ಳಿಗಳಲ್ಲಿ ಸುಮಾರು 12. ರೋಗ ಹೆಚ್ಚಿರುವುದು ಯಂತ್ರವಿಲ್ಲದ ಕಡೆಯಲ್ಲಿ. ಇವರಲ್ಲಿ ಗೆಡ್ಡೆಯುಳ್ಳವರು ಕೆಲವರೇ ಸರಿ; ಆದರೆ ಆ ಕೆಲವರು ಯಾರೆಂಬುದನ್ನು ಮೊದಲು ಗುರುತಿಸಬೇಕಾದವರು ಬೆಂಗಳೂರಿನ ಪ್ರಾಧ್ಯಾಪಕರಲ್ಲ, ಊರಿನ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು.

ಹಾಗೆ ಗುರುತಿಸಿ ಕಳುಹಿಸಿದರೆ ಫಲವುಂಟೇ? ಉಂಟೆನ್ನಲು ನಮ್ಮ ರಾಜ್ಯದಲ್ಲಿಯೇ ಆಧಾರವಿದೆ. 2010ರ ಫೆಬ್ರವರಿಯಲ್ಲಿ ಬಡಕುಟುಂಬಗಳಿಗೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಕೊಪ್ಪಳವನ್ನೊಳಗೊಂಡ ಅಂದಿನ ಗುಲ್ಬರ್ಗ ವಿಭಾಗದಲ್ಲಿ ಮೊದಲು ಜಾರಿಗೆ ಬಂದಿತು. ಹೃದ್ರೋಗ, ಅರ್ಬುದಗಳೊಡನೆ ನರರೋಗಗಳೂ ಅದರಲ್ಲಿ ಸೇರಿದ್ದುವು. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಆರಿಸಿ ಕಳುಹಿಸುವ ಏರ್ಪಾಡೂ ಇದ್ದಿತು. ಯೋಜನೆಯಿದ್ದ 300 ಹಳ್ಳಿಗಳನ್ನು ಗಡಿಯಾಚೆಯ 272 ಹಳ್ಳಿಗಳೊಡನೆ ಹೋಲಿಸಿದ ಅಧ್ಯಯನವು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಸತ್ತವರ ಪ್ರಮಾಣವು ಯೋಜನೆಯಿದ್ದ ಕಡೆ 100ಕ್ಕೆ 0.32, ಇಲ್ಲದ ಕಡೆ 0.90. ಅವುಗಳಲ್ಲಿ ಹೆಚ್ಚಿನವು ಹೃದ್ರೋಗ, ಅರ್ಬುದಗಳೇ. ಮಿದುಳಿನ ಗೆಡ್ಡೆಗೆ ಬೇರೆ ಲೆಕ್ಕವಿಲ್ಲ. ಆದರೂ ದಾರಿ ತೋರಿಸಿದರೆ, ಖರ್ಚು ಭರಿಸಿದರೆ ಜನ ಉಳಿಯುವರೆಂಬುದು ಇದರಿಂದ ಸ್ಪಷ್ಟ.

ತಾಲ್ಲೂಕಿಗೊಂದು ಎಂ.ಆರ್.ಐ. ಯಂತ್ರವಿಡಬೇಕೆಂಬ ಕೂಗನ್ನು ನಾನು ಒಪ್ಪಲಾರೆ. ಓದುವವರಿಲ್ಲದ ಚಿತ್ರವು ಉಂಗುರದ ಮಚ್ಚೆಯನ್ನು ಕಂಡು ಮತ್ತೆ ಗಾಬರಿಗೊಳಿಸೀತು. ಜಿಲ್ಲಾಸ್ಪತ್ರೆಯಲ್ಲಿ ಹಗಲಿರುಳೂ ಕೆಲಸಮಾಡುವ ಒಂದು ಸಾಧಾರಣ ಸಿ.ಟಿ. ಯಂತ್ರ, ಅದರ ಚಿತ್ರವನ್ನು ಅಂದೇ ಓದಿ ಹೇಳುವ ದೂರದ ತಜ್ಞ—ಇಷ್ಟಿದ್ದರೆ ಬಹಳವಾಯಿತು. ಚಿತ್ರವು ಬೆಂಗಳೂರಿಗೆ ಕ್ಷಣದಲ್ಲಿ ಹೋಗಬಲ್ಲುದು. 350 ಕಿಲೋಮೀಟರಿಗೂ ಮೇಲ್ಪಟ್ಟ ಆ ದಾರಿಯಲ್ಲಿ ರೋಗಿಯೇ ಬಸ್ಸಿನಲ್ಲಿ ಕುಳಿತು ಹೋಗಿ ‘ಏನೂ ಇಲ್ಲ’ ಎನ್ನಿಸಿಕೊಂಡು ಬರಬೇಕಾದ ಅಗತ್ಯವಿಲ್ಲ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದ ಗುರಿಯೂ ಇದೇ ಬಗೆಯದು; ಅದರ ಮೊದಲ ಕ್ಷೇತ್ರಗಳು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ, ಎಂದರೆ ರಾಜಧಾನಿಯ ನೆರೆಹೊರೆ. ಮೊದಲು ಕೊಪ್ಪಳ, ರಾಯಚೂರುಗಳಲ್ಲಿ ತೊಡಗಿದ್ದರೆ ಪರೀಕ್ಷೆ ಕಠಿನವಾಗುತ್ತಿತ್ತು, ಪಾಠವೂ ಹೆಚ್ಚು ಸಿಗುತ್ತಿತ್ತು.

ಇದಕ್ಕೂ ಮೊದಲು ಬೇಕಾದ ಉಪಕರಣವೊಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಜಗತ್ತಿಗೆ ಕೊಟ್ಟ ನೇತ್ರದರ್ಶಕದಿಂದ ಕಣ್ಣಿನ ಹಿಂಭಿತ್ತಿಯನ್ನು ನೋಡಿದರೆ, ತಲೆಯೊಳಗಿನ ಒತ್ತಡ ಏರಿದಾಗ ದೃಷ್ಟಿನರದ ಬುಡವು ಊದಿರುವುದು ಕಾಣುವುದು. ವಿದ್ಯುತ್ ಬೇಡ, ಚಿಕ್ಕ ಬ್ಯಾಟರಿ ಸಾಕು. ಕೊಠಡಿಯನ್ನು ಕತ್ತಲೆ ಮಾಡಬೇಕು, ರೋಗಿಯು ದೂರದ ಗೋಡೆಯನ್ನು ನೋಡುತ್ತಿರಬೇಕು, ವೈದ್ಯರಿಗೆ ನೂರಾರು ಕಣ್ಣುಗಳನ್ನು ನೋಡಿದ ಅಭ್ಯಾಸವಿರಬೇಕು. ಈ ಕೊನೆಯದೇ ಕಷ್ಟ. ವೈದ್ಯವಿದ್ಯಾರ್ಥಿಗಳು ಗ್ರಾಮಸೇವೆಗೆ ಹೊರಡುವ ಮುನ್ನ ಈ ಅಭ್ಯಾಸದಲ್ಲಿ ಅವರನ್ನು ಪರೀಕ್ಷಿಸಿ, ತೇರ್ಗಡೆಯಾಗದವರನ್ನು ಮತ್ತೆ ಕಣ್ಣಿನ ವಾರ್ಡಿಗೆ ಕಳುಹಿಸುವ ನಿಯಮವನ್ನು ವಿಶ್ವವಿದ್ಯಾನಿಲಯವು ಮಾಡಬೇಕು. ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ಕಾಲೇಜು ಇದೆ; ಅಲ್ಲಿಂದಲೇ ಆರಂಭಿಸಬಹುದು.