ಒಂದೇ ವಸ್ತು, ಹಲವು ಬೆಲೆ

ಒಂದೇ ಅಚ್ಚಿನಲ್ಲಿ ತಯಾರಾದ ವಸ್ತುವಿಗೆ ಎಲ್ಲೆಡೆಯೂ ಒಂದೇ ಬೆಲೆಯಿರಬೇಕೆಂದು ಜನರು ಭಾವಿಸುವುದು ಸಹಜ. ಊರಿಂದೂರಿಗೆ ಸಾಗಣೆಯ ಖರ್ಚಿನಷ್ಟು ವ್ಯತ್ಯಾಸವಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಒಂದು ದೇಶದಲ್ಲಿ ಒಂದು ವಾರದ ದುಡಿಮೆಗೆ ದೊರೆಯುವ ವಸ್ತು ಇನ್ನೊಂದು ದೇಶದಲ್ಲಿ ಅರ್ಧ ವರ್ಷದ ದುಡಿಮೆಯನ್ನು ಬೇಡಿದರೆ, ಅದನ್ನು ಸಾಗಣೆಯ ಖರ್ಚೆಂದು ಹೇಳಲಾಗದು. ದೂರದರ್ಶನದ ಪರದೆಗೆ ಜೋಡಿಸಿ ಆಡುವ ‘ಗೇಮ್ ಕನ್ಸೋಲ್’ ಎಂಬ ಯಂತ್ರದ ಬೆಲೆಯಲ್ಲಿ ಇಂತಹ ಅಂತರ ಎದ್ದು ಕಾಣುತ್ತದೆ. ಆಟದ ಸಾಮಾನೆಂದು ಇದನ್ನು ಕಡೆಗಣಿಸುವಂತಿಲ್ಲ. ಬೆಲೆ ಹೇಗೆ ರೂಪುಗೊಳ್ಳುತ್ತದೆ, ಅದರ ಭಾರ ಯಾರ ಹೆಗಲನ್ನೇರುತ್ತದೆ ಎಂಬುದನ್ನು ಈ ಪುಟ್ಟ ಪೆಟ್ಟಿಗೆ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

2013ರ ನವೆಂಬರಿನಲ್ಲಿ ಜಪಾನಿನ ಸೋನಿ ಕಂಪನಿಯ ‘ಪ್ಲೇಸ್ಟೇಷನ್ 4’ ಅಮೆರಿಕದಲ್ಲಿ 399 ಡಾಲರಿಗೆ ಮಾರಾಟಕ್ಕೆ ಬಂದಿತು. ಅದೇ ತಿಂಗಳು ಬ್ರೆಜಿಲ್‌ನಲ್ಲಿ ಅದರ ಬೆಲೆ ಅಲ್ಲಿನ ಹಣವಾದ ರಿಯಲ್ ಲೆಕ್ಕದಲ್ಲಿ 3,999. ಆಗಿನ ವಿನಿಮಯ ದರದಂತೆ ಇದು ಅಮೆರಿಕದ ಬೆಲೆಯ ನಾಲ್ಕು ಪಟ್ಟಿಗಿಂತಲೂ ಅಧಿಕ. ದುಡಿಮೆಯ ತಕ್ಕಡಿಯಲ್ಲಿ ತೂಗಿದರೆ ಈ ಅಂತರ ಮತ್ತಷ್ಟು ಹಿಗ್ಗುತ್ತದೆ. ಅಮೆರಿಕದ ಕೇಂದ್ರ ಸರ್ಕಾರ ವಿಧಿಸಿದ್ದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಅಲ್ಲಿನ ಕಾರ್ಮಿಕನ ಸುಮಾರು 55 ಗಂಟೆಗಳ ಕೂಲಿ ಆ ಯಂತ್ರದ ಬೆಲೆಗೆ ಸಮ. ಬ್ರೆಜಿಲ್‌ನ ಕನಿಷ್ಠ ವೇತನ ಆ ವರ್ಷ ತಿಂಗಳಿಗೆ 678 ರಿಯಲ್. ಅಲ್ಲಿನ ಕಾರ್ಮಿಕನು ಹೆಚ್ಚುಕಡಿಮೆ ಆರು ತಿಂಗಳು ಉಣ್ಣದೆ ಉಡದೆ ಉಳಿಸಬೇಕಾಗಿತ್ತು. ಬಡವನಿಗೇ ವಸ್ತು ದುಬಾರಿಯಾಯಿತು!

ಇದಕ್ಕೆ ಕಾರಣವೇನು? ಮಾರುವವನ ದುರಾಸೆಯೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಆ ಬೆಲೆಯ ಅರ್ಧಕ್ಕಿಂತ ಹೆಚ್ಚಿನ ಪಾಲು ತೆರಿಗೆಯೇ ಎಂದು ಕಂಪನಿಯು ವಿವರಣೆ ನೀಡಿತು. ಹೊರಗಿನಿಂದ ಬಂದ ಸರಕಿಗೆ ಬ್ರೆಜಿಲ್‌ನಲ್ಲಿ ಆಮದು ಸುಂಕ, ಅದರ ಮೇಲೆ ಕೈಗಾರಿಕಾ ಉತ್ಪನ್ನಗಳ ತೆರಿಗೆ, ಅದರ ಮೇಲೆ ರಾಜ್ಯದ ತೆರಿಗೆ, ಹೀಗೆ ತೆರಿಗೆಯ ಮೇಲೆ ತೆರಿಗೆ ಬೀಳುತ್ತಿತ್ತು. ಕನ್ಸೋಲುಗಳ ಮೇಲಿನ ಕೈಗಾರಿಕಾ ತೆರಿಗೆಯೊಂದೇ 2019ರವರೆಗೆ ನೂರಕ್ಕೆ 50ರಷ್ಟಿತ್ತು.

ಸುಂಕದ ಗೋಡೆಯನ್ನು ಕಟ್ಟಿದವರಿಗೂ ಒಂದು ಸಮರ್ಥನೆ ಇಲ್ಲದಿಲ್ಲ. ಹೊರಗಿನ ಸರಕು ದುಬಾರಿಯಾದರೆ ಒಳಗಿನ ಕಾರ್ಖಾನೆ ಬೆಳೆಯುತ್ತದೆ ಎಂಬುದು ಅವರ ವಾದ. ಅಮೆಜಾನ್ ಕಾಡಿನ ನಡುವಣ ಮನಾಉಸ್ ನಗರದಲ್ಲಿ ತೆರಿಗೆ ವಿನಾಯಿತಿಯುಳ್ಳ ಕೈಗಾರಿಕಾ ವಲಯ ಹುಟ್ಟಿದ್ದು ಇದೇ ನೀತಿಯಿಂದ. 1989ರಲ್ಲಿ ಟೆಕ್‌ಟಾಯ್ ಎಂಬ ಬ್ರೆಜಿಲ್ ಸಂಸ್ಥೆ ಜಪಾನಿನ ಸೆಗಾ ಕಂಪನಿಯ ‘ಮಾಸ್ಟರ್ ಸಿಸ್ಟಮ್’ ಕನ್ಸೋಲನ್ನು ತನ್ನ ನಾಡಿನಲ್ಲೇ ತಯಾರಿಸಿ ಮಾರತೊಡಗಿತು. ಅಷ್ಟೇ ಅಲ್ಲ, ಅಲ್ಲಿನ ಮಕ್ಕಳ ಮೆಚ್ಚಿನ ಚಿತ್ರಕಥೆಯ ನಾಯಕಿ ಮೋನಿಕಾಳನ್ನು ಆಟದೊಳಕ್ಕೆ ತಂದು, ಅವರ ಪೋರ್ಚುಗೀಸ್ ಭಾಷೆಯಲ್ಲೇ ಆಟವನ್ನು ಒದಗಿಸಿತು. ಇದು ಗೋಡೆಯ ನೆರಳಿನಲ್ಲಿ ಬೆಳೆದ ನಿಜವಾದ ಫಲ. 2015ರಲ್ಲಿ ಪ್ಲೇಸ್ಟೇಷನ್ 4 ಕೂಡ ಬ್ರೆಜಿಲ್‌ನಲ್ಲೇ ತಯಾರಾಗತೊಡಗಿದಾಗ ಅದರ ಬೆಲೆ 2,599 ರಿಯಲ್‌ಗೆ ಇಳಿಯಿತು.

ಇಳಿದರೂ ಅದು ಕಾರ್ಮಿಕನ ಮೂರು ತಿಂಗಳ ಕನಿಷ್ಠ ವೇತನಕ್ಕಿಂತ ಹೆಚ್ಚೇ ಆಗಿತ್ತು. ವಿಲಾಸದ ವಸ್ತುವಿಗೆ ತೆರಿಗೆ ಹೇರಿದರೆ ತಪ್ಪೇನೆಂದು ಕೇಳುವವರುಂಟು. ಸಿರಿವಂತನು ವಿದೇಶ ಪ್ರವಾಸದಲ್ಲಿ ಅದೇ ಯಂತ್ರವನ್ನು ಅಗ್ಗವಾಗಿ ಕೊಳ್ಳಬಲ್ಲ. ಇನ್ನು ಕೆಲವರು ಗಡಿಯಾಚೆಯ ಪರಾಗ್ವೆಯಿಂದ ಕಳ್ಳಸಾಗಣೆಯಾಗಿ ಬಂದ ಸರಕಿಗೆ ಮೊರೆಹೋಗುತ್ತಾರೆ. ಅದರಿಂದ ಬೊಕ್ಕಸಕ್ಕೆ ಕಾಸೂ ಸೇರದು. ತೆರಿಗೆಯ ಪೂರ್ಣ ಭಾರ ಉಳಿಯುವುದು ಕಂತಿನಲ್ಲಿ ಕೊಳ್ಳುವ ಪ್ರಾಮಾಣಿಕ ಮಧ್ಯಮವರ್ಗದವನ ಮೇಲೆ. ಗೋಡೆಯು ಗಾಳಿಯನ್ನು ತಡೆಯದೆ ಬೆಳಕನ್ನು ಮಾತ್ರ ತಡೆದಂತಾಯಿತು. 2019ರಿಂದ 2021ರವರೆಗೆ ಬ್ರೆಜಿಲ್ ಸರ್ಕಾರವು ಕನ್ಸೋಲುಗಳ ಕೈಗಾರಿಕಾ ತೆರಿಗೆಯನ್ನು ಹಂತಹಂತವಾಗಿ ನೂರಕ್ಕೆ 20ಕ್ಕೆ ತಗ್ಗಿಸಿತು. ಅದು ತಡವಾಗಿಯಾದರೂ ಇಟ್ಟ ಸರಿಯಾದ ಹೆಜ್ಜೆ.

ಹಾಗಾದರೆ ಎಲ್ಲ ದೇಶಗಳಲ್ಲೂ ಒಂದೇ ಬೆಲೆಯಿಡುವುದೇ ನ್ಯಾಯವೆ? ಜಪಾನಿನ ಉದಾಹರಣೆ ಇದಕ್ಕೆ ಬೇರೆ ಉತ್ತರ ಹೇಳುತ್ತದೆ. 2020ರಲ್ಲಿ ಒಂದು ಡಾಲರಿಗೆ ಸುಮಾರು 105 ಯೆನ್ ಇದ್ದ ದರ 2025ರ ನಡುವೇಳೆಗೆ 145ರ ಆಸುಪಾಸಿಗೆ ಬಂದಿತ್ತು. ಯೆನ್ ಕುಸಿದರೂ ಜಪಾನೀಯರ ಸಂಬಳ ಅದೇ ಪ್ರಮಾಣದಲ್ಲಿ ಏರಲಿಲ್ಲ. 2025ರ ಜೂನಿನಲ್ಲಿ ನಿಂಟೆಂಡೊ ಕಂಪನಿ ತನ್ನ ‘ಸ್ವಿಚ್ 2’ ಯಂತ್ರವನ್ನು ಅಮೆರಿಕದಲ್ಲಿ 449.99 ಡಾಲರಿಗೆ ಮಾರಿದರೆ, ಸ್ವದೇಶದಲ್ಲಿ 49,980 ಯೆನ್‌ಗೆ, ಅಂದರೆ ಸುಮಾರು 345 ಡಾಲರಿಗೆ ಮಾರಿತು. ನೀರು ತಗ್ಗಿನತ್ತ ಹರಿಯುವಂತೆ ವ್ಯಾಪಾರಿಗಳು ಅಗ್ಗದ ಕಡೆಗೆ ಧಾವಿಸುತ್ತಾರಲ್ಲವೆ? ಅಗ್ಗವಾದ ಯಂತ್ರ ಹೊರದೇಶಗಳಿಗೆ ಹರಿಯದಂತೆ ಅದನ್ನು ಜಪಾನಿ ಭಾಷೆಯೊಂದರಲ್ಲೇ ಕೆಲಸ ಮಾಡುವಂತೆ ರೂಪಿಸಲಾಯಿತು. ಹಲವು ಭಾಷೆಗಳ ಯಂತ್ರಕ್ಕೆ 69,980 ಯೆನ್ ಬೆಲೆಯಿಡಲಾಯಿತು. ಇದು ಕೇವಲ ಔದಾರ್ಯವಲ್ಲ. ಮನೆಮನೆಗೆ ಯಂತ್ರ ತಲುಪಿದರೆ ತಾನೆ ಆಟಗಳ ಮಾರಾಟದಿಂದ ಲಾಭ? ಉದ್ದೇಶ ಏನೇ ಇರಲಿ, ಕೊಳ್ಳುವವನ ಶಕ್ತಿಯನ್ನು ನೋಡಿ ಬೆಲೆಯಿಟ್ಟ ಕ್ರಮ ಅದು.

ಬೆಲೆಗಳ ವ್ಯತ್ಯಾಸವೇ ಅನ್ಯಾಯವಲ್ಲ. ಏಕರೂಪದ ಬೆಲೆಯೇ ನ್ಯಾಯವೂ ಅಲ್ಲ. ಯಾವ ದೇಶದ ಬೆಲೆಯನ್ನಾದರೂ ಡಾಲರಿನಿಂದಲ್ಲ, ಆ ದೇಶದ ದುಡಿಮೆಯ ದಿನಗಳಿಂದ ಅಳೆಯಬೇಕು. ಯಾವ ತೆರಿಗೆಯನ್ನಾದರೂ ಅದು ನಾಡಿನಲ್ಲಿ ಉಳಿಸಿದ ಉದ್ಯೋಗದಿಂದ, ಬೆಳೆಸಿದ ಕೌಶಲದಿಂದ ತೂಗಬೇಕು. ಈ ಎರಡೂ ಪರೀಕ್ಷೆಗಳಲ್ಲಿ ಸೋತ ಬೆಲೆಯನ್ನು ಪ್ರಶ್ನಿಸುವುದು ಕೊಳ್ಳುವವನ ಹಕ್ಕು. ಪ್ರಜೆಯ ಕರ್ತವ್ಯವೂ ಹೌದು.